ಚೆಂಡನ್ನು ಬಿಡದ ಕೈ

ಕೆಲವರಿಗೆ ಕಂಡವರ ಜಾತಕ ನೋಡುವ ಚಟ. ಕೆಲವರಿಗೆ ಕಂಡವರ ಮನೆಯ ಸಾರಿನಲ್ಲಿ ಉಪ್ಪು ಕಡಿಮೆ ಎನ್ನುವ ಚಟ. ನನಗಿರುವುದು ಅಲುಗಾಡುವ ವಸ್ತುವನ್ನು ಅಲುಗಾಡದಂತೆ ಮಾಡುವ ಚಟ. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಎಲೆಗೆ ಏನು ಬಡಿಸಿದ್ದಾರೆ ಎಂದು ನೋಡುವ ಮೊದಲು ಮೇಜಿನ ಕಾಲು ಕುಂಟುತ್ತದೆಯೇ ಎಂದು ನೋಡುತ್ತೇನೆ. ಕುಂಟಿದರೆ ಮುಗಿಯಿತು, ಲಗ್ನಪತ್ರಿಕೆಯನ್ನೇ ಮಡಿಚಿ ಕಾಲಿನ ಕೆಳಗೆ ತುರುಕುವವರೆಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಹೆಂಡತಿಯ ಸೋದರಮಾವನ ಮಗಳ ಮದುವೆಯಲ್ಲಿ ಹೀಗೇ ಮೇಜಿನ ಕೆಳಗೆ ಹೊಕ್ಕಿದ್ದೆ. ಬಡಿಸುವವರು ಈ ಎಲೆಗೆ ಜನವೇ ಇಲ್ಲ ಎಂದು ತಿಳಿದು ಮುಂದೆ ಹೋಗಿಬಿಟ್ಟರು. ನಾನು ಹೊರಗೆ ಬರುವಷ್ಟರಲ್ಲಿ ಜಿಲೇಬಿಯ ಬುಟ್ಟಿ ಪಂಕ್ತಿಯ ಆ ತುದಿಯಲ್ಲಿತ್ತು. "ಮೇಜು ಗಟ್ಟಿ ಆತಲ್ಲ, ಅದನ್ನ ತಿನ್ರಿ ಈಗ" ಎಂದಳು ಹೆಂಡತಿ ಸುಮಿತ್ರಾ. ಜಿಲೇಬಿ ಹೋದ ದುಃಖ ನನಗಿದ್ದದ್ದು ನಿಜ. ಆದರೆ ಆಣೆ ಮಾಡಿ ಹೇಳುತ್ತೇನೆ, ಮೇಜು ಕಲ್ಲಿನಂತೆ ನಿಂತಿತ್ತು.

ತಪ್ಪು ಪೂರ್ತಿ ನನ್ನದಲ್ಲ, ನನ್ನ ಹೊಟ್ಟೆಪಾಡಿನದು. ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ, ಪುಣೆಯ ರೈಲು ಹತ್ತಿ, ಚಿಂಚವಾಡದಲ್ಲಿ ಮನೆ ಮಾಡಿ, ಚಾಕಣದ ಒಂದು ಕಾರ್ಖಾನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ನನ್ನ ಕೆಲಸ ಫಿಕ್ಸ್ಚರ್ ವಿನ್ಯಾಸ. ಯಂತ್ರದ ಮೇಲೆ ಕಬ್ಬಿಣದ ತುಂಡಿಗೆ ತೂತು ಕೊರೆಯುವಾಗ ಆ ತುಂಡು ಕೂದಲೆಳೆಯಷ್ಟೂ ಮಿಸುಕಬಾರದು. ಹಾಗೆ ಮಿಸುಕದಂತೆ ಹಿಡಿದುಕೊಳ್ಳುವ ಸಾಧನವೇ ಫಿಕ್ಸ್ಚರ್. ಕಾರ್ಖಾನೆಯಲ್ಲಿ ನನ್ನ ಫಿಕ್ಸ್ಚರುಗಳಿಗೆ ಎರಡು ಕೀರ್ತಿ ಇತ್ತು. ಅವು ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ. ಮತ್ತೆ ಅವನ್ನು ಬಿಚ್ಚಿ ಬೇರೆ ಹಾಕಬೇಕಾದರೆ ಪಾನಾ ಬೇಕಾಗುತ್ತಿರಲಿಲ್ಲ. ಪಾನಾ ಅಂದರೆ ನಟ್ಟು ತಿರುಗಿಸುವ ಸ್ಪ್ಯಾನರು. ಅದು ಬೇಕಾದ ಹೊತ್ತಿಗೆ ಯಾವ ಕಾರ್ಖಾನೆಯಲ್ಲಿಯೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಹುಡುಕುವುದರಲ್ಲೇ ಅರ್ಧ ಪಾಳಿ ಕಳೆಯುತ್ತದೆ. ಅದಕ್ಕೇ ನಾನು ಎಲ್ಲ ಕಡೆಗೂ ವಿಂಗ್ ನಟ್ಟು ಹಾಕುತ್ತಿದ್ದೆ. ಎರಡು ಕಿವಿ ಇರುವ ನಟ್ಟು ಅದು, ಬೆರಳಿನಿಂದ ಕಿವಿ ಹಿಂಡಿದರೆ ತಿರುಗುತ್ತದೆ. ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನನ್ನ ಮಾನ ಹೋದದ್ದೂ ಈ ನಟ್ಟಿನಿಂದಲೇ, ಉಳಿದದ್ದೂ ಇದರಿಂದಲೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಿಂಜವಾಡಿಯ ಸಾಫ್ಟ್‌ವೇರ್ ಪಾರ್ಕಿನ ಕಡೆಗೆ ಕಂಪನಿ ಬಸ್ಸುಗಳು ಸಾಲುಗಟ್ಟಿ ಹೋಗತೊಡಗಿದ್ದ ಕಾಲ. ನಮ್ಮ ಸೊಸೈಟಿಯಲ್ಲಿ ಮಕ್ಕಳು ಹುಟ್ಟಿದ ಕೂಡಲೇ ತಾಯ್ತಂದೆಯರು ಕಂಪ್ಯೂಟರ್ ಎನ್ನುತ್ತಿದ್ದರು. ನಾನೂ ಮಗಳು ಪಲ್ಲವಿಗೆ ಅದನ್ನೇ ಹೇಳಿದೆ. "ಕಂಪ್ಯೂಟರ್ ತಗೋ ಪುಟ್ಟಾ, ಎಸಿಯೊಳಗ ಕೂತ ಕೆಲಸ. ನನ್ನಂಗ ಗ್ರೀಸ್ ಹಚ್ಕೊಂಡು ಬರೂದು ಬ್ಯಾಡ." ಅವಳು ಸುಮ್ಮನೆ ತಲೆ ಅಲ್ಲಾಡಿಸಿ ಹೋಗಿ ಮೆಕ್ಯಾನಿಕಲ್ ತೆಗೆದುಕೊಂಡು ಬಂದಳು. ಕೇಳಿದರೆ, "ನೀ ಗ್ರೀಸ್ ಹಚ್ಕೊಂಡು ಬಂದ ದಿವಸ ಭಾಳ ಖುಶಿಲೇ ಇರ್ತಿದ್ದಿ ಅಪ್ಪಾ" ಎಂದಳು. ಮರುದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಮೂರನೆಯ ವರ್ಷದಲ್ಲಿ ಅವಳ ತಲೆಗೆ ರೋಬೋ ಹೊಕ್ಕಿತು. ಕಾಲೇಜುಗಳ ನಡುವೆ ಒಂದು ಸ್ಪರ್ಧೆಯಂತೆ. ವಿದ್ಯಾರ್ಥಿಗಳು ತಾವೇ ಒಂದು ಯಂತ್ರ ಮಾಡಬೇಕು. ಅದು ಒಂದು ದೊಡ್ಡ ಚೆಂಡನ್ನು ಹೊತ್ತು, ಉರುಳುತ್ತ ಬಂದು, ಆಳೆತ್ತರದ ಅಡ್ಡಗೋಡೆಯ ಮೇಲಿಂದ ಆಚೆಗೆ ಎಸೆಯಬೇಕು. ಅವಳ ಕಾಲೇಜಿನಿಂದ ಒಂದೇ ತಂಡಕ್ಕೆ ಅವಕಾಶ. ಪಲ್ಲವಿ ಮತ್ತು ಅವಳ ಗೆಳತಿ ಮಂಜಿರಿ ಹಟ ಹಿಡಿದು ಅದನ್ನು ಗಿಟ್ಟಿಸಿಕೊಂಡಿದ್ದರು. ತರಗತಿಯ ಹುಡುಗರಿಗೆ ಇದು ಹೊಟ್ಟೆಯುರಿ. "ಹಿಚೆ ಬಾಬಾ ಇಂಜಿನಿಯರ್, ತೇಚ್ ಬನವೂನ್ ದೇತೀಲ", ಅಂದರೆ ಇವಳ ಅಪ್ಪನೇ ಮಾಡಿಕೊಡುತ್ತಾನೆ ಬಿಡು, ಎಂದು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಿದ್ದರಂತೆ. ಸ್ಪರ್ಧೆಯ ನಿಯಮವೂ ಹಾಗೆಯೇ ಇತ್ತು. ತೀರ್ಪುಗಾರರು ಒಂದೊಂದು ಭಾಗಕ್ಕೂ ಕೈ ಹಚ್ಚಿ, ಇದು ಯಾಕೆ, ಇದನ್ನು ಯಾರು ಯೋಚಿಸಿದರು ಎಂದು ಕೇಳುತ್ತಾರೆ. ಹೊರಗಿನವರ ಯಂತ್ರ ಎಂದು ಕಂಡರೆ ಅಲ್ಲಿಗೇ ಮನೆಗೆ ಕಳಿಸುತ್ತಾರೆ. ಇದನ್ನೆಲ್ಲ ಪಲ್ಲವಿ ಮೊದಲ ದಿನವೇ ನನಗೆ ಹೇಳಿ, "ಅದಕ್ಕ ಅಪ್ಪಾ, ನೀ ಸುಮ್ನ ನೋಡ್ಕೋತ ಕೂಡು, ಹಾಂ?" ಎಂದಿದ್ದಳು. ನಾನು ಹಾಂ ಎಂದಿದ್ದೆ. ಹಾಂ ಎನ್ನಲು ಏನು ಕಷ್ಟ?

ಚೆಂಡು ಮನೆಗೆ ಬಂತು. ವ್ಯಾಯಾಮ ಮಾಡುವವರು ಬೆನ್ನು ಹಾಕಿ ಮಲಗುತ್ತಾರಲ್ಲ, ಆ ಜಾತಿಯ ರಬ್ಬರಿನ ಚೆಂಡು. ಗಾಳಿ ತುಂಬಿಸಿದರೆ ನನ್ನ ಸೊಂಟದವರೆಗೆ ಬರುತ್ತಿತ್ತು. ನಮ್ಮ ಮನೆಯ ಹಾಲಿನಲ್ಲಿ ಅದನ್ನು ಇಟ್ಟ ಮೇಲೆ ಉಳಿದ ಜಾಗದಲ್ಲಿ ನಾವು ಇದ್ದೆವು. ಟೀವಿ ನೋಡಬೇಕಾದರೆ ಅದನ್ನು ಅಡುಗೆಮನೆಗೆ ತಳ್ಳಬೇಕು, ಅಡುಗೆ ಮಾಡಬೇಕಾದರೆ ಹಾಲಿಗೆ ತಳ್ಳಬೇಕು. ಯಾರಾದರೂ ಬಂದರೆ ಅದು ಮೊದಲು ಬಾಗಿಲಿಗೆ ಹೋಗಿ ಸ್ವಾಗತ ಮಾಡುತ್ತಿತ್ತು. ನಮ್ಮ ಅವ್ವ ಮೊದಲು ಎರಡು ದಿನ ಅದನ್ನು ಕಂಡರೆ ಸೆರಗು ಸರಿಮಾಡಿಕೊಂಡು ದೂರ ಸರಿಯುತ್ತಿದ್ದಳು. ಆಮೇಲೆ ಅದಕ್ಕೇ ಒರಗಿ ಅವರೆಕಾಯಿ ಸುಲಿಯತೊಡಗಿದಳು. "ಭಾಳ ಮೆತ್ತಗ ಅದ ನೋಡು ತಮ್ಮಾ, ನಿನ್ನ ಸೋಫಾಕ್ಕಿಂತ ಪಾಡ" ಎಂದು ನನಗೇ ಹೇಳಿದಳು. ಆ ಸೋಫಾ ಅಲುಗಾಡದಂತೆ ನಾನೇ ಅದರ ಕಾಲುಗಳಿಗೆ ಪಟ್ಟಿ ಹೊಡೆದಿದ್ದೆ. ಪಟ್ಟಿ ಹೊಡೆದಾಗಿನಿಂದ ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಹುಡುಗಿಯರು ಕೆಳಗಿನ ಪಾರ್ಕಿಂಗಿನ ಮೂಲೆಯಲ್ಲಿ ಕೆಲಸ ಶುರು ಮಾಡಿದರು. ನಾಲ್ಕು ಚಕ್ರದ ಒಂದು ಚೌಕಟ್ಟು, ಅದರ ಮೇಲೆ ಉದ್ದನೆಯ ಒಂದು ತೋಳು, ತೋಳಿನ ತುದಿಗೆ ಅಗಲವಾದ ಪ್ಲೈವುಡ್ಡಿನ ತುಂಡು. ತೋಳನ್ನು ಹಿಂದಕ್ಕೆ ಎಳೆದು ಕೊಕ್ಕೆಗೆ ಸಿಕ್ಕಿಸಿದರೆ ಸೈಕಲ್ ಟ್ಯೂಬುಗಳು ಬಿಗಿಯುತ್ತಿದ್ದವು. ಕೊಕ್ಕೆ ತಪ್ಪಿಸಿದರೆ ತೋಳು ರಪ್ಪನೆ ಮೇಲೇಳುತ್ತಿತ್ತು. ಎರಡು ಕಂಬಗಳ ನಡುವೆ ಸ್ಪರ್ಧೆಯ ಗೋಡೆಯಷ್ಟೇ ಎತ್ತರಕ್ಕೆ ಹಗ್ಗ ಕಟ್ಟಿ ಅದರ ಮೇಲೆ ಸುಮಿತ್ರಾಳ ಹಳೆಯ ಇಳಕಲ್ಲ ಸೀರೆ ಹರವಿದ್ದರು. ಅದೇ ಗೋಡೆ. ನಾನು ಮಾತು ಕೊಟ್ಟಂತೆ ಸ್ಕೂಟರಿನ ಮೇಲೆ ಕೂತು ನೋಡುತ್ತಿದ್ದೆ. ಆ ಚೌಕಟ್ಟು ಅಲುಗಾಡುತ್ತಿತ್ತು. ನನ್ನ ಕಣ್ಣೆದುರಿಗೇ ಅಲುಗಾಡುತ್ತಿತ್ತು! ತಡೆಯಲಾರದೆ ಎದ್ದು ಮೇಲೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಬಂದು ನೋಡಿದರೆ ಇನ್ನೂ ಅಲುಗಾಡುತ್ತಿತ್ತು.

ಒಂದು ದಿನ ಊಟದ ಹೊತ್ತಿಗೆ ಪಲ್ಲವಿ ಬೇಜಾರಿನಲ್ಲಿ ಹೇಳಿದಳು: "ಗಾಡಿ ಹೊಂಟಾಗನ ಚೆಂಡು ಪ್ಲೈವುಡ್ ಫಳಿ ಮ್ಯಾಲಿಂದ ಉಳ್ಳಿ ಬೀಳಾಕತ್ತದ. ಎಸಿಯೂದು ದೂರ ಉಳೀತು." ಅವಳು ಸಹಾಯ ಕೇಳಿರಲಿಲ್ಲ. ತಲೆನೋವು ಬಂದವರು ತಲೆನೋವು ಬಂದಿದೆ ಎಂದು ಹೇಳುತ್ತಾರಲ್ಲ, ಹಾಗೆ ಹೇಳಿದ್ದಳು. ಆದರೆ ಚೆಂಡು ಬೀಳುತ್ತದೆ ಎಂಬ ಮಾತು ನನ್ನ ಕಿವಿಗೆ ಬೇರೆಯೇ ರೀತಿ ಬಿತ್ತು. ಬೀಳುವುದನ್ನು ಹಿಡಿಯುವುದೇ ನನ್ನ ಜೀವಮಾನದ ಕೆಲಸ! ಮುಂದಿನ ವಾರದ ರಜೆಯನ್ನೆಲ್ಲ ಅದಕ್ಕೇ ಸುರಿದೆ. ಕಬ್ಬಿಣದ ಪಟ್ಟಿ ಬಗ್ಗಿಸಿ ಎರಡು ದೊಡ್ಡ ಕೈಗಳನ್ನು ಮಾಡಿದೆ, ಒಳಗೆ ಸ್ಕೂಟರಿನ ಟ್ಯೂಬು ಅಂಟಿಸಿದೆ, ಸ್ಪ್ರಿಂಗು ಹಾಕಿದೆ. ತೋಳು ಮೇಲೆ ಹೋದಾಗ ಹಗ್ಗ ಎಳೆದು ಕೈಗಳು ತೆರೆದುಕೊಳ್ಳುವ ವ್ಯವಸ್ಥೆ ಮಾಡಿದೆ. ಇಡೀ ಕೈಯನ್ನು ಪ್ಲೈವುಡ್ಡಿಗೆ ನಾಲ್ಕು ವಿಂಗ್ ನಟ್ಟುಗಳಿಂದ ಕೂರಿಸಿದೆ. ಬಣ್ಣ ಹಚ್ಚಿದ ಮೇಲೆ, ಸುಳ್ಳು ಯಾಕೆ ಹೇಳಲಿ, ದೂರ ನಿಂತು ಅದನ್ನು ಕಾಲು ಗಂಟೆ ನೋಡಿದೆ. ಪಲ್ಲವಿ ಅದನ್ನು ನೋಡಿದಾಗ ಅವಳ ಮುಖದಲ್ಲಿ ಏನೋ ಬಂದು ಹೋಯಿತು. "ಭಾಳ ಛಂದ ಆಗೇದ ಅಪ್ಪಾ" ಎಂದು ಮೆಲ್ಲಗೆ ಅಂದಳು. ನಾನು ಮಾತನ್ನಷ್ಟೇ ಕೇಳಿಸಿಕೊಂಡೆ, ಮುಖವನ್ನು ಆಮೇಲೆ ನೆನಪಿಸಿಕೊಂಡೆ.

ನನ್ನ ಕೈ ಚೆಂಡನ್ನು ಎಂಥಾ ಹಿಡಿತ ಹಿಡಿಯಿತು ಅಂತೀರಿ! ಗಾಡಿ ಓಡಲಿ, ತಿರುಗಲಿ, ಕಲ್ಲಿನ ಮೇಲೆ ಹಾರಲಿ, ಜಪ್ಪಯ್ಯ ಅಂದರೂ ಚೆಂಡು ಮಿಸುಕಲಿಲ್ಲ. ಆಮೇಲೆ ಎಸೆಯುವ ಹೊತ್ತು ಬಂತು. ಪಲ್ಲವಿ ಕೊಕ್ಕೆ ತಪ್ಪಿಸಿದಳು. ತೋಳು ರಪ್ಪನೆ ಎದ್ದಿತು, ಹಗ್ಗ ಎಳೆಯಿತು, ಕೈಗಳು ತೆರೆಯಬೇಕೋ ಬೇಡವೋ ಎಂದು ಯೋಚಿಸಿ, ತೋಳು ಪೂರ್ತಿ ಮುಂದಕ್ಕೆ ಬಾಗಿದ ಮೇಲೆ ನಿಧಾನವಾಗಿ ತೆರೆದವು. ಚೆಂಡು ಇಳಕಲ್ಲ ಸೀರೆಯ ಕಡೆಗೆ ಕಣ್ಣೆತ್ತಿಯೂ ನೋಡದೆ ನೇರ ನೆಲಕ್ಕೆ ಬಡಿದು, ಪುಟಿದು, ವಾಪಸು ರೋಬೋವಿನ ನೆತ್ತಿಗೇ ಹೊಡೆಯಿತು. ಎರಡನೆಯ ಸಲ ಕೈಗಳು ತೆರೆಯಲೇ ಇಲ್ಲ. ಚೆಂಡಿನ ಸಂಗಡ ರೋಬೋವೂ ಹೊರಟು ಮುಗ್ಗರಿಸಿ ಬಿತ್ತು. "ಕಾಕಾ, ಹಾ ಸೋಡತಚ್ ನಾಹೀ!" ಎಂದಳು ಮಂಜಿರಿ. ಇದು ಬಿಡುವುದೇ ಇಲ್ಲವಲ್ಲ ಎಂದು. ಕಾರ್ಖಾನೆಯಲ್ಲಿ ನನಗೆ ಯಾರಾದರೂ ಈ ಮಾತು ಹೇಳಿದ್ದರೆ ಅದು ಹೊಗಳಿಕೆ.

ಈಗ ಬುದ್ಧಿ ಇರುವವನು ಏನು ಮಾಡಬೇಕಿತ್ತೋ ಅದನ್ನು ನಾನು ಮಾಡಲಿಲ್ಲ. ರೋಬೋ ಮುಗ್ಗರಿಸುತ್ತದೆ ಅಂದರೆ ಹಿಂದೆ ಭಾರ ಬೇಕು ಎಂದೆ, ಕಬ್ಬಿಣದ ತುಂಡು ಕಟ್ಟಿದೆ. ಭಾರ ಹೆಚ್ಚಾಗಿ ಗಾಡಿ ಕುಗ್ಗಿತು, ಅಡ್ಡಪಟ್ಟಿ ಹಾಕಿದೆ. ತೋಳು ನಿಧಾನವಾಯಿತು, ಇನ್ನಷ್ಟು ಟ್ಯೂಬು ಬಿಗಿದೆ. ಟ್ಯೂಬಿನ ಬಿಗಿತಕ್ಕೆ ಚೌಕಟ್ಟು ಬಾಗಿತು, ಅದಕ್ಕೂ ಒಂದು ಪಟ್ಟಿ. ಹುಡುಗಿಯರು ಪಕ್ಕದಲ್ಲಿ ನಿಂತು ನನಗೆ ನಟ್ಟು ಬೋಲ್ಟು ಕೊಡುತ್ತಿದ್ದರು. ಯಾವಾಗಿನಿಂದ ನಾನು ಸ್ಕೂಟರಿನ ಮೇಲಿಂದ ಇಳಿದು ರೋಬೋವಿನ ಪಕ್ಕಕ್ಕೆ ಬಂದೆ, ಯಾವಾಗಿನಿಂದ ಅವರು ಸ್ಕೂಟರಿನ ಕಡೆಗೆ ಸರಿದರು ಎನ್ನುವುದು ನನಗೆ ಗೊತ್ತೇ ಆಗಲಿಲ್ಲ. ಸುಮಿತ್ರಾಳಿಗೆ ಗೊತ್ತಾಗಿತ್ತು. "ಕಾಂಪಿಟಿಶನ್ನಿಗೆ ನೀವ ಹೋಗ್ರಿ ಇನ್ನ. ಹುಡುಗ್ಯಾರು ಮನ್ಯಾಗ ಕೂತು ಅವ್ವಗ ಅವರೀಕಾಯಿ ಸುಲದು ಕೊಡ್ಲಿ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಅಷ್ಟರಲ್ಲಿ ಖಂಡೇನವಮಿ, ಅಂದರೆ ಆಯುಧಪೂಜೆ ಬಂತು. ಮರುದಿನ ದಸರೆ, ದಸರೆಯ ಮಧ್ಯಾಹ್ನ ರೋಬೋವನ್ನು ಟೆಂಪೋದಲ್ಲಿ ಹಾಕಿ ಕಾಲೇಜಿಗೆ ಒಯ್ಯಬೇಕು, ಅದರ ಮರುದಿನವೇ ಸ್ಪರ್ಧೆ. ಚೆಂಡು ಇನ್ನೂ ಒಂದು ಸಲವೂ ಸೀರೆ ದಾಟಿರಲಿಲ್ಲ. ಇದ್ದದ್ದು ಖಂಡೇನವಮಿಯ ಒಂದೇ ದಿನ, ಆ ದಿನ ನಮ್ಮ ಮನೆಯಲ್ಲಿ ಯಾರೂ ಹತ್ಯಾರ ಮುಟ್ಟುವಂತಿಲ್ಲ. ಅವ್ವ ಹಿಂದಿನ ದಿನವೇ ನನ್ನ ಪಾನಾ, ಸುತ್ತಿಗೆ, ಗರಗಸ, ಡ್ರಿಲ್ಲು, ಅಡುಗೆಮನೆಯ ಈಳಿಗೆ, ಕತ್ತರಿ, ಹೊಲಿಗೆಯಂತ್ರದ ಸೂಜಿ ಸಮೇತ ಎಲ್ಲವನ್ನೂ ದೇವರ ಮುಂದೆ ಸಾಲಾಗಿ ಇಟ್ಟು ಕೂತಿದ್ದಳು. ಪಲ್ಯಕ್ಕೆ ಬೇಕಾದ ಬದನೆಕಾಯಿ ಸಹ ಮೊದಲೇ ಹೆಚ್ಚಿ ನೀರಿಗೆ ಹಾಕಿದ್ದಳು. ನಾನು ಸಣ್ಣ ಧ್ವನಿಯಲ್ಲಿ, "ಅವ್ವಾ, ಒಂದ ಪಾನಾ ಅಷ್ಟ..." ಎಂದು ಶುರುಮಾಡಿದೆ. "ವರ್ಷಾನಗಟ್ಲೆ ದುಡಿಸ್ಕೋತಿ. ಒಂದ ದಿವಸ ಅವಕ್ಕ ರಜಾ ಕೊಡಾಕ ಆಗೂದಿಲ್ಲ ನಿನಗ?" ಎಂದಳು. ಆಮೇಲೆ ಕೆಳಗಿಳಿದು ಹೋಗಿ ರೋಬೋವಿಗೂ ಚೆಂಡಿಗೂ ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಬಂದಳು. ಅದೂ ಹತ್ಯಾರವೇ ಅಂತ ತೀರ್ಮಾನ.

ಆ ದಿನ ಕಾರ್ಖಾನೆಯಲ್ಲಿಯೂ ಪೂಜೆ. ಯಂತ್ರಗಳಿಗೆಲ್ಲ ಹಾರ, ಊದುಬತ್ತಿ, ಕಾಯಿ. ಇಡೀ ವರ್ಷ ಗದ್ದಲ ಮಾಡುವ ಶೆಡ್ಡು ಅವತ್ತು ಒಂದು ದಿನ ಸುಮ್ಮನಿರುತ್ತದೆ. ನಾನು ನನ್ನ ಫಿಕ್ಸ್ಚರುಗಳ ನಡುವೆ ತಿರುಗಾಡಿದೆ. ಒಂದೊಂದೂ ಹಳದಿ ಹೂವು ಮುಡಿದು, ಹಿಡಿಯಲು ಏನೂ ಇಲ್ಲದೆ, ಖಾಲಿ ಬಾಯಿ ತೆರೆದುಕೊಂಡು ನಿಂತಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟೊಂದು ಮಾಡಿದ್ದೇನೆ! ಅದರಲ್ಲಿ ಏನನ್ನಾದರೂ ಎಸೆಯಲಿ ಎಂದು ಮಾಡಿದ್ದು ಒಂದೂ ಇರಲಿಲ್ಲ. ಈ ಯೋಚನೆ ಬಂದಾಗ ಸ್ವಲ್ಪ ಮುಜುಗರವಾಯಿತು. ಆದರೆ ಅಷ್ಟರಲ್ಲಿ ಪೇಢೆಯ ಡಬ್ಬಿ ಬಂತು, ನಾನು ಯೋಚನೆಯನ್ನು ಅಲ್ಲಿಯೇ ಬಿಟ್ಟೆ.

ಮಧ್ಯಾಹ್ನ ಪೇಢೆ, ಕಾಯಿ ಹಿಡಿದುಕೊಂಡು ಸೊಸೈಟಿಯ ಗೇಟಿಗೆ ಬಂದರೆ ಒಳಗೆ ಜನ ಹೋ ಎಂದು ಕೂಗಿದ್ದು ಕೇಳಿಸಿತು. ನೋಡುತ್ತೇನೆ, ಅರಿಷಿಣ ಕುಂಕುಮ ಹಚ್ಚಿಕೊಂಡ ಚೆಂಡು ಇಳಕಲ್ಲ ಸೀರೆಯ ಮೇಲಿಂದ, ಅದರ ಸೆರಗಿಗೂ ತಾಕದೆ, ತೇಲಿಕೊಂಡು ಬರುತ್ತಿದೆ. ಬಂದದ್ದು ನಮ್ಮ ಸೊಸೈಟಿಯ ಸೆಕ್ರೆಟರಿ ಸಾಠೆಯವರ ಸ್ಕೂಟರಿನ ಮೇಲೆಯೇ ಇಳಿಯಿತು. ಆಗಷ್ಟೇ ಪೂಜೆಯಾಗಿದ್ದ ಸ್ಕೂಟರು, ಹಾರ ಹರಿದು ಚೆಲ್ಲಾಪಿಲ್ಲಿಯಾಯಿತು. ಪಾರ್ಕಿಂಗಿನಲ್ಲಿ ಒಂದು ಸೈಕಲ್ಲು ಓರೆಯಾಗಿ ನಿಂತರೂ ನೋಟೀಸು ಹಚ್ಚುವ ಮನುಷ್ಯ ಅವರು. ಈಗ ಅವರು ಹಾರದ ಕಡೆಗೆ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಚೆಂಡನ್ನು ಹೊತ್ತು ಹುಡುಗಿಯರ ಕಡೆಗೆ ಓಡುತ್ತ, "ಪುನ್ಹಾ! ಪುನ್ಹಾ ಏಕದಾ!" ಎಂದು ಕೂಗುತ್ತಿದ್ದರು. ಇನ್ನೊಮ್ಮೆಯಂತೆ!

ನನ್ನ ಕಣ್ಣು ರೋಬೋವಿನ ತೋಳಿನ ತುದಿಗೆ ಹೋಯಿತು. ಅಲ್ಲಿ ನನ್ನ ಕೈ ಇರಲಿಲ್ಲ. ಪ್ಲೈವುಡ್ಡಿನ ಮೇಲೆ ಒಂದು ದೊಡ್ಡ ಸಿಂಬಿ ಇತ್ತು. ಕೊಡದ ಕೆಳಗೆ ಇಡುತ್ತಾರಲ್ಲ, ಅಂಥದ್ದೇ ಬಟ್ಟೆಯ ಸುರುಳಿ. ಹಳೆಯ ಸೀರೆಯೊಂದನ್ನು ಕೈಯಿಂದಲೇ ಹರಿದು, ಸುತ್ತಿ, ಅದರದೇ ಪಟ್ಟಿಯಿಂದ ಕಟ್ಟಿದ್ದರು. ಚೆಂಡು ಅದರಲ್ಲಿ ಕೂರುತ್ತಿತ್ತು, ಅಷ್ಟೇ. ಯಾವುದೂ ಅದನ್ನು ಹಿಡಿಯುತ್ತಿರಲಿಲ್ಲ. ತೋಳು ಎದ್ದು, ಅವರು ಅಡ್ಡಲಾಗಿ ಕಟ್ಟಿದ್ದ ಕೋಲಿಗೆ ಬಡಿದು ನಿಂತ ಕ್ಷಣಕ್ಕೆ ಚೆಂಡು ತಾನಾಗಿಯೇ ಮುಂದಕ್ಕೆ ಹಾರುತ್ತಿತ್ತು. ನನ್ನ ಕೈ ಗೋಡೆಯ ಹತ್ತಿರ ಮರಾಠಿ ಪೇಪರಿನ ಮೇಲೆ ಮಲಗಿತ್ತು, ಹಣೆಗೆ ಕುಂಕುಮ ಇಟ್ಟುಕೊಂಡು. ಪಕ್ಕದಲ್ಲಿ ನಾಲ್ಕು ವಿಂಗ್ ನಟ್ಟುಗಳನ್ನು ಒಂದು ಬಟ್ಟಲಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಹಿಂದೆ ಕಟ್ಟಿದ್ದ ಭಾರ, ಹಗ್ಗ, ಸ್ಪ್ರಿಂಗು, ಕೈಯಿಂದ ತೆಗೆಯಲು ಬಂದದ್ದೆಲ್ಲ ಅಲ್ಲಿಯೇ ರಾಶಿ ಬಿದ್ದಿತ್ತು.

ನನಗೆ ಸಿಟ್ಟು ಬಂತು. "ಇವತ್ತ ಹತ್ಯಾರ ಮುಟ್ಟಬಾರದು ಅಂತ ಅಜ್ಜಿ ಹೇಳಿರಲಿಲ್ಲೇನು?" ಎಂದು ಗದರಿದೆ. ನನ್ನ ಬಾಯಿಂದ ಶಾಸ್ತ್ರ ಬಂದದ್ದು ಅದೇ ಮೊದಲು. ಪಲ್ಲವಿ ಹೆದರಲಿಲ್ಲ. "ಹತ್ಯಾರ ಯಾವುದೂ ಮುಟ್ಟಿಲ್ಲ ಅಪ್ಪಾ. ಪಾನಾ ಬೇಕಾಗಿದ್ರ ನಾವು ಬಿಚ್ಚತಿದ್ದಿಲ್ಲ. ನಿನ್ನ ನಟ್ಟು ಬೆರಳಿಲೇ ಬಂದೂ. ಅಜ್ಜೀನ್ನ ಕೇಳಿನ ಮಾಡೇವಿ." ಪಾರ್ಕಿಂಗಿನಲ್ಲೇ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದ ಅವ್ವ ಕೂತಲ್ಲಿಂದಲೇ ತೀರ್ಪು ಕೊಟ್ಟಳು: "ಕೈಗೆ ಯಾರು ಪೂಜಿ ಮಾಡ್ಯಾರ? ಕೈಲೆ ಬಿಚ್ಚಿದ್ರ ತಪ್ಪಿಲ್ಲ." ಹಾಗಾದರೆ ಪೂಜೆಯಾದ ರೋಬೋವನ್ನು ನಡೆಸಿದ್ದು? ಅದಕ್ಕೂ ಉತ್ತರ ಸಿದ್ಧವಿತ್ತು. "ಅಪ್ಪಾ, ಸ್ಕೂಟರಿಗೆ ಪೂಜಾ ಮಾಡಿ ಲಿಂಬಿಹಣ್ಣು ಹಾಯಿಸಿ ಒಂದ ರೌಂಡು ಹೊಡ್ಯೂದಿಲ್ಲೇನು? ಇದಕ್ಕೂ ಒಂದ ರೌಂಡು ಬೇಕಲಾ." ಎಷ್ಟನೆಯ ರೌಂಡು ನಡೆದಿದೆ ಎಂದು ನಾನು ಕೇಳಲಿಲ್ಲ. ಸಾಠೆಯವರ ಅಂಗಿಯೆಲ್ಲ ಕುಂಕುಮವಾಗಿದ್ದನ್ನು ನೋಡಿದರೆ ಬಹಳ ಆಗಿರಬೇಕು.

ಮೇಲೆ ಬಂದು ಕೋಣೆಯಲ್ಲಿ ಕೂತೆ. ಸಿಟ್ಟು ಎಂದುಕೊಂಡದ್ದು ಸಿಟ್ಟಲ್ಲ ಎಂದು ಕೂತ ಮೇಲೆ ಗೊತ್ತಾಯಿತು. ದುಃಖವಾಗಿತ್ತು. ನಾನು ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ತೆಗೆದಿಟ್ಟರಲ್ಲ, ನಾನು ಇಲ್ಲದ ಹೊತ್ತು ನೋಡಿ ತೆಗೆದರಲ್ಲ ಎಂದು. ನಾನು ಇದ್ದಿದ್ದರೆ ತೆಗೆಯಲು ಬಿಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಬಿಡುತ್ತಿರಲಿಲ್ಲ. ಇನ್ನೊಂದು ಸ್ಪ್ರಿಂಗು ಹಾಕುತ್ತಿದ್ದೆ. ನನಗೆ ಎದುರಾಡಲು ಮಗಳಿಗೆ ಧೈರ್ಯ ಇರಲಿಲ್ಲ ಎಂದಲ್ಲ, ಮನಸ್ಸು ಇರಲಿಲ್ಲ. ಪಾನಾಗಳ ಸಂಗಡ ನಾನೂ ಒಂದು ದಿನ ರಜೆಯ ಮೇಲೆ ಹೋಗುವವರೆಗೆ ಅವಳು ಕಾದಿದ್ದಳು. ಸುಮಿತ್ರಾ ಚಹಾ ತಂದಿಟ್ಟು, "ನಿಮ್ಮ ಮಗಳ ಅಲ್ರೀ ಮತ್ತ. ತಲ್ಯಾಗ ಹೊಕ್ಕಿದ್ದನ್ನ ಬಿಡೂದಿಲ್ಲ" ಎಂದಳು. ಸಮಾಧಾನಕ್ಕೆ ಹೇಳಿದಳೋ ಚುಚ್ಚಲಿಕ್ಕೆ ಹೇಳಿದಳೋ, ಮದುವೆಯಾದಾಗಿನಿಂದ ನನಗೆ ಈ ವ್ಯತ್ಯಾಸ ತಿಳಿದಿಲ್ಲ.

ದಸರೆಯ ದಿನ ಹತ್ಯಾರಗಳನ್ನು ಎತ್ತಿದ ಮೇಲೆ ಪಲ್ಲವಿ ಪಾನಾ ಹಿಡಿದುಕೊಂಡು ನನ್ನ ಹತ್ತಿರ ಬಂದು ಬಾಗಿಲಲ್ಲಿ ನಿಂತಳು. "ಅಡ್ಡಪಟ್ಟಿ ತಗೀಲೇನು ಅಪ್ಪಾ? ಅವಕ್ಕ ನೀ ಬೋಲ್ಟ್ ಹಾಕಿದ್ದಿ." ನನ್ನ ಮಗಳು ನನ್ನನ್ನು ಕೇಳುತ್ತಿದ್ದಾಳೆ! "ಗಾಡಿ ನಿಂದು. ನನ್ನ ಯಾಕ ಕೇಳ್ತಿ?" ಎಂದೆ. ಬಹಳ ದೊಡ್ಡ ಮನಸ್ಸಿನಿಂದ ಹೇಳಿದೆ ಎಂದುಕೊಳ್ಳಬೇಡಿ. ಕೈ ತುರಿಸುತ್ತಿತ್ತು. ಅವರು ಕೆಳಗೆ ಪಟ್ಟಿ ಬಿಚ್ಚುತ್ತಿರುವಾಗ ನಾನು ಮೇಲೆ ದೇವರ ಮನೆಯ ಕಪಾಟಿನ ಸಡಿಲವಾದ ಬಿಜಾಗರಿಗೆ ಸ್ಕ್ರೂ ಬಿಗಿಯುತ್ತಿದ್ದೆ, ಬಿಗಿದಿದ್ದನ್ನೇ ಮತ್ತೆ ಬಿಗಿಯುತ್ತಿದ್ದೆ.

ಸ್ಪರ್ಧೆಯ ದಿನ ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ನಾನು, ಸುಮಿತ್ರಾ, ಅವ್ವ ಮೂವರೂ ಕೂತಿದ್ದೆವು. ನಾನು ಕೂತ ಕುರ್ಚಿ ಅಲುಗಾಡುತ್ತಿತ್ತು. ಅವತ್ತು ಅದನ್ನು ಹಾಗೆಯೇ ಬಿಟ್ಟೆ. ಮೊದಲು ತೀರ್ಪುಗಾರರ ಪ್ರಶ್ನೆಗಳು. ಒಬ್ಬರು ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ. ಮೈಕಿನಲ್ಲಿ ಮರಾಠಿಯಲ್ಲೇ ಕೇಳಿದರು: "ನಿನ್ನ ತಂದೆ ಎಂಜಿನಿಯರಂತೆ ಹೌದೇ? ಇದರಲ್ಲಿ ಅವರ ಕೈ ಎಷ್ಟಿದೆ?" ಸಭಾಂಗಣದ ಒಂದು ಮೂಲೆಯಲ್ಲಿ ಅವಳ ತರಗತಿಯ ಹುಡುಗರು ಕೂತಿದ್ದರು; ಅಲ್ಲಿಂದ ಗುಸುಗುಸು ಕೇಳಿಸಿತು. ಇಲ್ಲ ಎನ್ನು ಮಗಳೇ, ಏನೂ ಇಲ್ಲ ಎಂದು ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಪಲ್ಲವಿ ಮೈಕು ತೆಗೆದುಕೊಂಡಳು. "ಅಪ್ಪ ಚೆಂಡು ಹಿಡಿಯುವ ಒಂದು ಕೈ ಮಾಡಿಕೊಟ್ಟಿದ್ದರು ಸರ್. ಭಾರ, ಪಟ್ಟಿ ಕೂಡ ಹಾಕಿದ್ದರು. ಎಲ್ಲವನ್ನೂ ತೆಗೆದಿದ್ದೇವೆ. ಆ ಕೈ ಈಗ ಮನೆಯಲ್ಲಿದೆ" ಎಂದಳು ಮರಾಠಿಯಲ್ಲಿ. ಯಾಕೆ ತೆಗೆದಿರಿ, ಚೆನ್ನಾಗಿರಲಿಲ್ಲವೇ ಎಂದರು ಅವರು. "ಬಹಳ ಚೆನ್ನಾಗಿತ್ತು ಸರ್. ಚೆಂಡನ್ನು ಬಿಡುತ್ತಲೇ ಇರಲಿಲ್ಲ." ಸಭೆಯೆಲ್ಲ ನಕ್ಕಿತು. ಸುಮಿತ್ರಾ ನನ್ನ ಕಡೆಗೆ ನೋಡಲಿಲ್ಲ, ನನ್ನ ಮೊಣಕೈ ಮೇಲೆ ಕೈ ಇಟ್ಟಳು. ನಗು ನಿಲ್ಲುವುದನ್ನು ಕಾದು ಪಲ್ಲವಿ ಮತ್ತೆ ಹೇಳಿದಳು: "ಆದರೆ ಒಂದು ಮಾತು ಸರ್. ಅದನ್ನು ಬಿಚ್ಚಲು ಪಾನಾ ಬೇಕಾಗದ ಹಾಗೆ ಮಾಡಿದವರೂ ಅಪ್ಪನೇ. ಹಾಗೆ ಮಾಡದಿದ್ದರೆ ನಾವು ಇವತ್ತು ಇಲ್ಲಿಗೆ ಬರುತ್ತಿರಲಿಲ್ಲ." ಆ ಹಿರಿಯರು ಕನ್ನಡಕ ತೆಗೆದು ಅವಳನ್ನು ನೋಡಿ, ನಡೆಸಮ್ಮ ನಿನ್ನ ಗಾಡಿ ಎಂದರು. ಅವ್ವನಿಗೆ ಮರಾಠಿ ಅಷ್ಟಾಗಿ ತಿಳಿಯದು. "ಏನಂದ್ಲೋ ತಮ್ಮಾ, ಯಾಕ ಅಳಾಕತ್ತಿ?" ಎಂದು ಜೋರಾಗಿಯೇ ಕೇಳಿದಳು. ಮುಂದಿನ ಸಾಲಿನವರೆಲ್ಲ ಹೊರಳಿ ನೋಡಿದರು.

ಚೆಂಡು ಮೊದಲ ಸಲ ಗೋಡೆಯ ಅಂಚಿಗೆ ತಾಕಿ ಈಚೆಗೆ ಬಿತ್ತು. ಆಮೇಲಿನ ಸಲ ದಾಟಿತು. ಅದರಾಚೆಗಿನ ಸಲವೂ ದಾಟಿತು. ಬಹುಮಾನ ಬೇರೆ ಕಾಲೇಜಿನವರಿಗೆ ಹೋಯಿತು. ಅವರದು ನಿಜವಾಗಿಯೂ ಒಳ್ಳೆಯ ಯಂತ್ರ, ಚೂರೂ ಅಲುಗಾಡುತ್ತಿರಲಿಲ್ಲ. ಪಲ್ಲವಿಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ಸಭಾಂಗಣದಿಂದ ಹೊರಗೆ ಬರುವಾಗ ಅದೇ ತರಗತಿಯ ಹುಡುಗರು ಅವಳನ್ನು ಸುತ್ತುಗಟ್ಟಿ, ಸಿಂಬಿಯನ್ನು ಮುಟ್ಟಿ ನೋಡಿ, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಅವಳನ್ನೇ ಕೇಳುತ್ತಿದ್ದರು. ಅವಳು ಕೈಯಾಡಿಸುತ್ತ ಹೇಳುತ್ತಿದ್ದಳು. ನಾನು ದೂರ ನಿಂತು ನೋಡಿದೆ. ಅವಳ ಮೂಗಿನ ಮೇಲೆ ಗ್ರೀಸ್ ಹತ್ತಿತ್ತು.

ನನ್ನ ಕೈ ಈಗ ಏನಾಗಿದೆ ಎಂದು ನೀವು ಕೇಳಬಹುದು. ಅಂಥ ವಸ್ತುವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅಡುಗೆಮನೆಯಲ್ಲಿ ಅವ್ವನ ಕುಡಿಯುವ ನೀರಿನ ಹಿತ್ತಾಳೆಯ ಕೊಡ ಕಟ್ಟೆಯ ಮೇಲೆ ಸ್ವಲ್ಪ ಅಲುಗಾಡುತ್ತಿತ್ತು, ಯಾವತ್ತಾದರೂ ಬಿದ್ದರೆ ಎಂದು ನನಗೆ ಚಿಂತೆ. ಆ ಕೈಯನ್ನು ಕೊಡದ ಅಳತೆಗೆ ಬಗ್ಗಿಸಿ, ಕಟ್ಟೆಗೆ ಕೂರಿಸಿ ಕೊಡವನ್ನು ಅದರಲ್ಲಿ ಇಟ್ಟೆ. ಇಷ್ಟು ವರ್ಷವಾಯಿತು, ಕೊಡ ಒಂದು ಸಲವೂ ಬಿದ್ದಿಲ್ಲ. ಕೈ ಬಿಚ್ಚದೆ ತೊಳೆಯಲಿಕ್ಕೆ ಅಂತ ಎತ್ತಲೂ ಬಂದಿಲ್ಲ. ವಾರಕ್ಕೊಮ್ಮೆ ಸುಮಿತ್ರಾ ಗೊಣಗುತ್ತ ನಾಲ್ಕೂ ನಟ್ಟಿನ ಕಿವಿ ಹಿಂಡಿ ಕೈ ಬಿಚ್ಚುತ್ತಾಳೆ. ನಾನು ಪೇಪರು ಓದುವವನಂತೆ ಕೂತು, ಅವಳು ಪಾನಾ ಕೇಳುವುದಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗುತ್ತೇನೆ. ಅವಳು ಕೊಡ ತೊಳೆದು ಹಿಂದಿನ ಬಾಲ್ಕನಿಯಲ್ಲಿ ಬೋರಲು ಹಾಕುತ್ತಾಳೆ. ಅವಳು ಆ ಕಡೆ ತಿರುಗಿದ ಕೂಡಲೇ ಎದ್ದು ಹೋಗಿ, ಕೊಡ ತಂದು ಕೈಯೊಳಗೆ ಇಟ್ಟು, ನಾಲ್ಕೂ ನಟ್ಟು ಮತ್ತೆ ಬಿಗಿದು ಬರುತ್ತೇನೆ.